ಬಿ.ಎಂ. ರಸ್ತೆಯ ಲೇತ್ ಶೆಡ್ಡು: ವಜ್ರದ ಪದರ ಬೆಳೆಸುವ ಯಂತ್ರಕ್ಕೆ ಮಾಡಿಸಿದ ಕೆಲಸ

ಹಾಸನದ ಬಿ.ಎಂ. ರಸ್ತೆಯ ಕೈಗಾರಿಕಾ ಪ್ರದೇಶದ ಒಂದು ಅಡ್ಡರಸ್ತೆಯ ಕೊನೆಯಲ್ಲಿ ನಾಮಫಲಕವಿಲ್ಲದ ತಗಡಿನ ಶೆಡ್ಡೊಂದಿದೆ. ಸುತ್ತಮುತ್ತಲಿನವರು ಅದನ್ನು ‘ಮೇಸ್ತ್ರಿ ಲೇತ್’ ಎಂದು ಕರೆಯುತ್ತಾರೆ. ಬಾಗಿಲಲ್ಲಿ ಯಾವಾಗ ನೋಡಿದರೂ ಒಂದು ಪವರ್ ಟಿಲ್ಲರ್ ಬಿಚ್ಚಿಟ್ಟಿರುತ್ತದೆ. ಒಳಗೆ ಸಕಲೇಶಪುರದ ಕಡೆಯಿಂದ ಬಂದ ಕಾಫಿ ಪಲ್ಪರ್ ಬಿಡಿಭಾಗಗಳು, ಬೋರ್‌ವೆಲ್ ಮೋಟಾರಿನ ಶಾಫ್ಟ್‌ಗಳು, ಟ್ರ್ಯಾಕ್ಟರಿನ ಹೈಡ್ರಾಲಿಕ್ ಸಿಲಿಂಡರ್‌ಗಳು ಗೋಡೆಗೆ ಒರಗಿರುತ್ತವೆ. ಎರಡು ಲೇತ್, ಒಂದು ಡ್ರಿಲ್, ಒಂದು ಆರ್ಗಾನ್ ವೆಲ್ಡಿಂಗ್ ಸೆಟ್ಟು, ಮೇಸ್ತ್ರಿ ಮತ್ತು ಇಬ್ಬರು ಹುಡುಗರು. ಶೆಡ್ಡಿನಲ್ಲಿರುವುದು ಇಷ್ಟೇ. ಕಳೆದ ಎಂಟು ತಿಂಗಳಿಂದ ಇಲ್ಲಿ ನಾನು ಕೆಲಸ ಮಾಡಿಸುತ್ತಿದ್ದೇನೆ. ಜಿಲ್ಲಾ ಕೇಂದ್ರದ ಕಾಲೇಜಿನಲ್ಲಿ ಪಾಠ ಹೇಳುತ್ತಾ ಪ್ರಯೋಗವನ್ನೂ ಮಾಡಬೇಕೆಂದಿರುವವರಿಗೆ ಇಂಥ ಜಾಗ ಎಷ್ಟು ಅಗತ್ಯ ಎಂಬುದು ನನಗೆ ಗೊತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ನನ್ನ ಕೆಲಸ ಏನೆಂದು ಹೇಳಬೇಕು. ಇಲ್ಲದಿದ್ದರೆ ಮೇಸ್ತ್ರಿ ಮಾಡಿದ್ದರ ಬೆಲೆ ತಿಳಿಯುವುದಿಲ್ಲ.

ಕಾರ್ಬನ್ ನ್ಯಾನೊಟ್ಯೂಬ್‌ಗಳ ಮೇಲೆ ವಜ್ರದ ತೆಳುಪದರ ಬೆಳೆಸಲು ನಾನು ಪ್ರಯತ್ನಿಸುತ್ತಿದ್ದೇನೆ. ನ್ಯಾನೊಟ್ಯೂಬ್ ಎಂದರೆ ಇಂಗಾಲದ ಪರಮಾಣುಗಳು ಸುರುಳಿ ಸುತ್ತಿದ ಹಾಳೆಯಂತೆ ಕೂಡಿಕೊಂಡ ಕೊಳವೆ. ಕೂದಲಿಗಿಂತ ಸಾವಿರಾರು ಪಟ್ಟು ಸಪೂರ. 1991ರಲ್ಲಿ ಜಪಾನಿನ ಸುಮಿಯೊ ಇಜಿಮಾ ಅವರು ಅದರ ರಚನೆಯನ್ನು ತೋರಿಸಿಕೊಟ್ಟ ಮೇಲೆ ಇಡೀ ಜಗತ್ತು ಅದರ ಬೆನ್ನು ಹತ್ತಿತು. ಸಿಲಿಕಾನ್ ಚೂರಿನ ಮೇಲೆ ಈ ಕೊಳವೆಗಳನ್ನು ಪೈರಿನಂತೆ ನೆಟ್ಟಗೆ, ಒತ್ತೊತ್ತಾಗಿ ಬೆಳೆಸಬಹುದು. ಆ ಪೈರಿನ ಒಂದೊಂದು ಕಂತೆಗೂ ವಜ್ರದ ಹೊದಿಕೆ ಹಾಕಿದರೆ ಸಿಗುವುದು ಸಪಾಟು ವಜ್ರವಲ್ಲ. ಸಂದು ಗೊಂದುಗಳಿಂದ ತುಂಬಿದ, ಜೇನುಹುಟ್ಟಿನಂಥ ಸರಂಧ್ರ ವಜ್ರ. 2014ರಲ್ಲಿ ಹಡ್ಸನ್ ಜಾನಿನ್, ಬ್ರಿಸ್ಟಲ್ ವಿಶ್ವವಿದ್ಯಾಲಯದ ಪಾಲ್ ಮೇ ಮೊದಲಾದವರು ಹೀಗೆ, ವಿದ್ಯುತ್ತು ಹರಿಯಲೆಂದು ಬೋರಾನ್ ಬೆರೆಸಿದ ವಜ್ರದ ಎಲೆಕ್ಟ್ರೋಡ್ (ವಿದ್ಯುದ್ವಾರ) ಮಾಡಿ ತೋರಿಸಿದರು. ಸಪಾಟು ವಜ್ರದ ಎಲೆಕ್ಟ್ರೋಡಿಗಿಂತ ಅದರ ಸಕ್ರಿಯ ಮೇಲ್ಮೈ ಸುಮಾರು 450 ಪಟ್ಟು ಹೆಚ್ಚಾಗಿತ್ತು. ಒಂದು ಸೆಂಟಿಮೀಟರ್ ಚೂರಿನೊಳಗೆ ಅಷ್ಟು ಜಾಗ ಅಡಗಿದೆ ಎಂಬುದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಿರಲಿಲ್ಲ. ಬೋರಾನಿಗಾಗಿ ಬಳಸುವ ಡೈಬೊರೇನ್ ವಿಷಾನಿಲ. ಅದನ್ನು ಇಟ್ಟುಕೊಳ್ಳುವ ಏರ್ಪಾಡು ನಮ್ಮ ಕಾಲೇಜಿನಲ್ಲಿಲ್ಲ. ಆದ್ದರಿಂದ ನಾನು ಬೋರಾನ್ ಇಲ್ಲದ, ಬರಿಯ ವಜ್ರಕ್ಕೆ ತೃಪ್ತಿಪಟ್ಟಿದ್ದೇನೆ.

ವಜ್ರಕ್ಕೆ ಭೂಗರ್ಭದ ಒತ್ತಡವೇ ಬೇಕೆಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಬೇಕಿಲ್ಲ. ಗಾಳಿ ತೆಗೆದ ಉಕ್ಕಿನ ಡಬ್ಬಿಯೊಳಗೆ ಹೈಡ್ರೋಜನ್ ತುಂಬಿ, ಅದಕ್ಕೆ ನೂರಕ್ಕೆ ಒಂದರಷ್ಟು ಮೀಥೇನ್ ಬೆರೆಸಿ, ಟಂಗ್‌ಸ್ಟನ್ ತಂತಿಯನ್ನು ಎರಡು ಸಾವಿರ ಡಿಗ್ರಿಗೂ ಮೇಲೆ ಕಾಯಿಸಿದರೆ ಹೈಡ್ರೋಜನ್ ಅಣು ಒಡೆದು ಪರಮಾಣುವಾಗುತ್ತದೆ. ತಂತಿಯ ಕೆಳಗೆ ಕೆಲವೇ ಮಿಲಿಮೀಟರ್ ಅಂತರದಲ್ಲಿ, 700ರಿಂದ 900 ಡಿಗ್ರಿಯಲ್ಲಿರುವ ಚೂರಿನ ಮೇಲೆ ಮೀಥೇನಿನ ಇಂಗಾಲ ಕೂರುತ್ತದೆ. ಕೂತದ್ದರಲ್ಲಿ ಮಸಿಯಾದದ್ದನ್ನು ಹೈಡ್ರೋಜನ್ ಪರಮಾಣುಗಳು ತಿಂದುಹಾಕುತ್ತವೆ, ವಜ್ರವಾದದ್ದನ್ನು ಬಹುಮಟ್ಟಿಗೆ ಮುಟ್ಟದೆ ಬಿಡುತ್ತವೆ. ಕಳೆ ಕಿತ್ತು ಪೈರು ಉಳಿಸುವ ಕೆಲಸ ಇದು. ಬಿಸಿತಂತಿಯ ಈ ವಿಧಾನವನ್ನು 1982ರಲ್ಲಿ ಜಪಾನಿನ ಮತ್ಸುಮೊಟೊ, ಸಾಟೊ ಮತ್ತವರ ಸಂಗಡಿಗರು ಪ್ರಕಟಿಸಿದರು. ಬೇರೆ ವಿಧಾನಗಳಿಗೆ ಹೋಲಿಸಿದರೆ ಖರ್ಚು ಕಡಿಮೆ. ಕಾಲೇಜಿನ ಮೂಲೆಯಲ್ಲೂ ಕಟ್ಟಬಹುದು. ಕಟ್ಟಿಕೊಡುವವರು ಸಿಗಬೇಕು, ಅಷ್ಟೇ.

ನಾನು ಮೊದಲು ಹೋದದ್ದು ಈ ಶೆಡ್ಡಿಗಲ್ಲ. ದೊಡ್ಡ ಊರಿನ ಒಂದು ಕಂಪನಿಗೆ ಚಿತ್ರ ಕಳಿಸಿ, ಅವರು ಹೇಳಿದ ದರ ಕೊಟ್ಟು, ಡಬ್ಬಿಯನ್ನೂ ಮುಚ್ಚಳದ ಫ್ಲೇಂಜನ್ನೂ (ಬೋಲ್ಟ್ ಹಾಕಿ ಬಿಗಿಯುವ ಅಂಚು) ತರಿಸಿಕೊಂಡೆ. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಪಂಪು ಹಚ್ಚಿದರೆ ಒತ್ತಡ ಇಳಿಯುತ್ತಾ ಬಂದು ಒಂದು ಕಡೆ ನಿಂತುಬಿಡುತ್ತಿತ್ತು. ಗಾಳಿ ಸೋರದಂತೆ ತಡೆಯುವ ರಬ್ಬರಿನ ಓ ರಿಂಗ್ ಬದಲಾಯಿಸಿದೆ, ಗ್ರೀಸ್ ಹಚ್ಚಿದೆ, ಬೋಲ್ಟ್‌ಗಳನ್ನು ಕೈ ನೋಯುವಷ್ಟು ಬಿಗಿದೆ. ಆರು ವಾರ ಹೋಯಿತು. ಕಂಪನಿಯವರು ರಿಂಗ್ ನಿಮ್ಮದೇ ಸರಿಯಿಲ್ಲ ಎಂದು ಕಾಗದ ಬರೆದರು. ನಮ್ಮ ಪ್ರಯೋಗಾಲಯದ ಸಹಾಯಕರು ತಮ್ಮ ಊರಿನ ಮೋಟಾರನ್ನು ಸರಿಮಾಡಿಸಿದ ಜಾಗವೆಂದು ಹೇಳಿ ಈ ಶೆಡ್ಡಿಗೆ ಕರೆದುಕೊಂಡು ಬಂದರು.

ಮೇಸ್ತ್ರಿಗೆ ಅರವತ್ತರ ಆಸುಪಾಸು. ಫ್ಲೇಂಜನ್ನು ಬಾಗಿಲ ಬೆಳಕಿಗೆ ಹಿಡಿದು ವಾರೆ ಮಾಡಿ ನೋಡಿದರು. ಆಮೇಲೆ ರಿಂಗ್ ಕೂರುವ ಕಾಲುವೆಯಲ್ಲಿ ಹೆಬ್ಬೆರಳಿನ ಉಗುರನ್ನು ನಿಧಾನವಾಗಿ ಸುತ್ತಿಸಿದರು. ಒಂದು ಕಡೆ ಉಗುರು ತಡೆಯಿತು. “ಇಲ್ಲಿ ನೋಡಿ ಮೇಡಂ. ಲೇತ್ ಮೇಲೆ ತಿರುವಿ ಆದಮೇಲೆ ಯಾರೋ ಹೊಳಪಿಗೆಂದು ಗ್ರೈಂಡರ್ ಹಿಡಿದಿದ್ದಾರೆ. ಗೀರು ಅಡ್ಡಕ್ಕೆ ಬಿದ್ದಿದೆ.” ಆಗ ನನಗೂ ಕಂಡಿತು. ಸುತ್ತಲೂ ಇರುವ ಗೆರೆಗಳ ಮೇಲೆ ರಬ್ಬರ್ ಕೂತರೆ ಒಂದೊಂದು ಗೆರೆಯೂ ಒಂದೊಂದು ತಡೆಗೋಡೆ. ಅಡ್ಡ ಬಿದ್ದ ಒಂದೇ ಒಂದು ಗೀರು ಹೊರಗಿನಿಂದ ಒಳಕ್ಕೆ ತೆರೆದ ಕಾಲುದಾರಿ. ಗಾಳಿಗೆ ಅಷ್ಟು ಸಾಕು. ಹಳೇಬೀಡಿನ ಕಡೆದ ಕಂಬಗಳ ಮೇಲಿನ ಬಳೆಗಳ ಹಾಗೆ ಗೆರೆಗಳೆಲ್ಲ ಸುತ್ತಲೇ ಹೋಗಿರಬೇಕು. ಇದನ್ನು ಅವರು ಕಲಿತದ್ದು ಟ್ರ್ಯಾಕ್ಟರಿನ ಹೈಡ್ರಾಲಿಕ್ ಸೀಲುಗಳಿಂದ. ನಾನು ಪುಸ್ತಕದಲ್ಲಿ ಓದಿಯೂ ಕಣ್ಣೆದುರಿಗೆ ಇದ್ದಾಗ ಗುರುತಿಸಲಿಲ್ಲ.

ಅದೇ ದಿನ ಸಂಜೆ ಫ್ಲೇಂಜನ್ನು ಲೇತಿನ ಚಕ್‌ಗೆ, ಅಂದರೆ ತುಂಡನ್ನು ಕಚ್ಚಿ ಹಿಡಿದು ತಿರುಗಿಸುವ ಭಾಗಕ್ಕೆ, ಕಟ್ಟಿದರು. ಕಟ್ಟುವುದಕ್ಕೇ ಮುಕ್ಕಾಲು ಗಂಟೆ. ಡಯಲ್ ಗೇಜಿನ ಮುಳ್ಳು ಅಲ್ಲಾಡುವುದು ನಿಲ್ಲುವವರೆಗೆ ಸುತ್ತಿಗೆಯಿಂದ ಮೆತ್ತಗೆ ತಟ್ಟುತ್ತಲೇ ಇದ್ದರು. ಕಾಲುವೆಯ ತಳವನ್ನು ಕೂದಲೆಳೆಯಷ್ಟೇ ತೆಗೆದು, ಐದು ಮಿಲಿಮೀಟರ್ ದಪ್ಪದ ರಿಂಗಿಗೆ ನಾಲ್ಕು ಮಿಲಿಮೀಟರ್ ಆಳ ಉಳಿಯುವಂತೆ ಮುಖವನ್ನೂ ಅಷ್ಟೇ ಇಳಿಸಿದರು. ರಬ್ಬರ್ ಐದರಲ್ಲಿ ಒಂದು ಪಾಲು ಒತ್ತಿಕೊಳ್ಳಬೇಕು. ಅದಕ್ಕಿಂತ ತೀರಾ ಕಡಿಮೆಯಾದರೆ ಸೋರುತ್ತದೆ, ಹೆಚ್ಚಾದರೆ ಬೇಗ ಸತ್ತುಹೋಗುತ್ತದೆ. ಮರುದಿನ ಪಂಪು ಹಚ್ಚಿದೆ. ಹತ್ತಿಯಲ್ಲಿ ಅಸಿಟೋನ್ ಅದ್ದಿ ಕೀಲುಗಳ ಮೇಲೆಲ್ಲ ಸವರುತ್ತಾ ಬಂದೆ. ಸೋರುವ ಜಾಗವಿದ್ದರೆ ಅದರ ಆವಿ ಒಳಗೆ ಎಳೆದುಕೊಂಡು ಗೇಜಿನ ಮುಳ್ಳು ಹಾರಬೇಕು. ಮುಳ್ಳು ಅಲುಗಲಿಲ್ಲ. ಈ ಕೆಲಸಕ್ಕೆ ಅವರು ತೆಗೆದುಕೊಂಡದ್ದು ಆರುನೂರು ರೂಪಾಯಿ.

ಇದಾದ ಮೇಲೆ ನಿಜವಾದ ತೊಡಕು ಬಂದದ್ದು ತಂತಿಯಲ್ಲಿ.

ಆರು ಸೆಂಟಿಮೀಟರ್ ಉದ್ದದ, ಕಾಲು ಮಿಲಿಮೀಟರ್ ದಪ್ಪದ ಮೂರು ಟಂಗ್‌ಸ್ಟನ್ ತಂತಿಗಳು ಚೂರಿನಿಂದ ಐದು ಮಿಲಿಮೀಟರ್ ಮೇಲೆ ಸಾಲಾಗಿ ನಿಲ್ಲಬೇಕು. ಎರಡು ಸಾವಿರ ಡಿಗ್ರಿಗೆ ಕಾದಾಗ ಟಂಗ್‌ಸ್ಟನ್ ನೂರಕ್ಕೆ ಒಂದರಷ್ಟು ಹಿಗ್ಗುತ್ತದೆ. ಆರು ಸೆಂಟಿಮೀಟರಿಗೆ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ಅಷ್ಟೇ ತಾನೆ ಎನಿಸುತ್ತದೆ. ಆದರೆ ಎರಡೂ ತುದಿ ಬಿಗಿದಿದ್ದಾಗ ಆ ಅರ್ಧ ಮಿಲಿಮೀಟರ್ ತಂತಿಯ ನಡುಭಾಗವನ್ನು ಮೂರೂವರೆ ಮಿಲಿಮೀಟರಿನಷ್ಟು ಕೆಳಕ್ಕೆ ಇಳಿಸಬಲ್ಲದು; ಲೆಕ್ಕ ಹಾಕಿ ನೋಡಿ. ಬಟ್ಟೆ ಒಣಹಾಕುವ ಹಗ್ಗ ಬೆರಳುದ್ದ ಸಡಿಲವಾದರೆ ನಡುವೆ ಗೇಣುದ್ದ ಜೋಲುತ್ತದಲ್ಲ, ಹಾಗೆ. ಇದರ ಮೇಲೆ ಮೀಥೇನಿನ ಇಂಗಾಲವನ್ನು ಹೀರಿಕೊಂಡು ತಂತಿ ಟಂಗ್‌ಸ್ಟನ್ ಕಾರ್ಬೈಡ್ ಆಗುತ್ತದೆ, ಇನ್ನಷ್ಟು ಉಬ್ಬುತ್ತದೆ, ತಣ್ಣಗಾದ ಮೇಲೆ ಹಪ್ಪಳದ ಹಾಗೆ ಮುರಿಯುತ್ತದೆ. ನನ್ನ ಮೊದಲ ನಾಲ್ಕು ಚೂರುಗಳ ನಡುಭಾಗದಲ್ಲಿ ಕೊಳವೆಗಳ ಪೈರು ಸುಟ್ಟು ಬೋಳಾಗಿತ್ತು, ಅಂಚಿನಲ್ಲಿ ಮಸಿ ಕಟ್ಟಿತ್ತು.

ಆ ಕೆಟ್ಟ ಚೂರುಗಳನ್ನೂ ಮುರಿದ ತಂತಿಗಳನ್ನೂ ಪೊಟ್ಟಣ ಕಟ್ಟಿಕೊಂಡು ಹೋದೆ. ಮೇಸ್ತ್ರಿ ಚಿತ್ರ ನೋಡುವ ಮೊದಲು ಪೊಟ್ಟಣ ಬಿಚ್ಚಿದರು. ಇದು ಅವರ ಪದ್ಧತಿ, ಮತ್ತು ನನಗೆ ಅವರಲ್ಲಿ ಅತ್ಯಂತ ಮೆಚ್ಚುಗೆಯಾದದ್ದು: ಏನು ಬೇಕು ಎನ್ನುವುದಕ್ಕೆ ಮೊದಲು ಏನು ಕೆಟ್ಟಿತು ಎಂದು ಕೇಳುತ್ತಾರೆ. ನಾನು ಸ್ಪ್ರಿಂಗ್ ಹಾಕಿ ಎಳೆಯೋಣ ಎಂದೆ. “ಸ್ಪ್ರಿಂಗಿಗೆ ಕಾವು ತಾಗಿದರೆ ಅದರ ಹದ ಹೋಗುತ್ತದೆ ಮೇಡಂ. ಮೊದಲ ದಿನ ಎಳೆಯುತ್ತದೆ, ಹತ್ತನೆಯ ದಿನ ಮಲಗುತ್ತದೆ. ಭಾರಕ್ಕೆ ಹದ ಹೋಗುವುದಿಲ್ಲ.” ಹಾಗೆಂದು ಸೀಮೆಸುಣ್ಣದಲ್ಲಿ ನೆಲದ ಮೇಲೆ ಒಂದು ಏತ ಬರೆದರು. ಮಂಡಿಯಂತೆ ಬಾಗಿದ ಪುಟ್ಟ ಕೈ, ನಡುವೆ ತಿರುಗುವ ಮೊಳೆ, ನಿಂತ ತೋಳಿಗೆ ತಂತಿ, ಮಲಗಿದ ತೋಳಿನ ತುದಿಗೆ ಭಾರ. ತಂತಿ ಹಿಗ್ಗಿದಷ್ಟೂ ಭಾರ ಇಳಿಯುತ್ತದೆ, ತಂತಿ ನೆಟ್ಟಗೇ ಇರುತ್ತದೆ.

ಮೊದಲ ಸಲ ಮೂರು ತಂತಿಗೂ ಸೇರಿಸಿ ಒಂದೇ ಕೈ ಮಾಡಿದರು. ನಡೆಯಲಿಲ್ಲ. ಮೂರು ತಂತಿಗಳು ಒಂದೇ ಸಮ ಹಿಗ್ಗುವುದಿಲ್ಲ. ಒಂದು ಬಿಗಿಯಾಗಿ ಉಳಿದೆರಡು ಜೋತುಬಿದ್ದವು. ಎರಡನೆಯ ಸಲ ತಂತಿಗೊಂದು ಕೈ. ಭಾರಕ್ಕೆ ಸ್ಟೇನ್‌ಲೆಸ್ ಸ್ಟೀಲ್ ವಾಷರ್‌ಗಳು. ತಂತಿ ನೆಟ್ಟಗೆ ನಿಲ್ಲಲು ಎಷ್ಟು ಬೇಕೋ ಅಷ್ಟೇ, ಒಂದೊಂದಾಗಿ ಪೋಣಿಸಿ ನೋಡಿದೆವು. ಹೆಚ್ಚು ಹಾಕಿದರೆ ಕಾದ ತಂತಿ ಎಳೆದುಕೊಂಡು ಸಪೂರವಾಗಿ ಕಡಿಯುತ್ತದೆ. ತಿರುಗುವ ಮೊಳೆಯ ಮೂಲಕ ವಿದ್ಯುತ್ತು ಹರಿಯಲು ಬಿಟ್ಟರೆ ಅಲ್ಲಿ ಕಿಡಿ ಹಾರುತ್ತದೆ ಎಂದು ನಾನು ಹೇಳುತ್ತಿದ್ದಂತೆಯೇ ಹುಡುಗನನ್ನು ಕಳಿಸಿ ಹಳೆಯ ಸ್ಟಾರ್ಟರ್ ಮೋಟಾರಿನ ಕಾರ್ಬನ್ ಬ್ರಷ್ ತರಿಸಿದರು. ಅದರ ಬಾಲದಲ್ಲಿ ಜಡೆಯಂತೆ ಹೆಣೆದ ತಾಮ್ರದ ತಂತಿ ಇರುತ್ತದೆ. ಎಷ್ಟು ಸಲ ಬಾಗಿದರೂ ಮುರಿಯದು. ಅದೇ ಈಗ ನನ್ನ ಡಬ್ಬಿಯೊಳಗೆ, ಕಾವಿನಿಂದ ದೂರದ ತುದಿಯಲ್ಲಿ, ವಿದ್ಯುತ್ತನ್ನು ಒಯ್ಯುತ್ತಿದೆ.

ನಾನು ಕಲಿಸಿದ್ದೂ ಉಂಟು. ಕೈಗಳನ್ನು ಹಿತ್ತಾಳೆಯಲ್ಲಿ ಮಾಡೋಣ, ಕಡೆಯಲು ಸುಲಭ ಎಂದಿದ್ದರು. ಹಿತ್ತಾಳೆಯಲ್ಲಿ ಸತುವಿದೆ, ನಿರ್ವಾತದಲ್ಲಿ ಕಾದರೆ ಸತು ಆವಿಯಾಗಿ ಹೊರಟು ಎಲ್ಲದರ ಮೇಲೂ ಕೂರುತ್ತದೆ ಎಂದೆ. “ಹಿತ್ತಾಳೆ ಬೆಸೆಯುವಾಗ ಬಿಳಿ ಹೊಗೆ ಬರುತ್ತದಲ್ಲ, ಅದೇ ಇರಬೇಕು” ಎಂದು ತಕ್ಷಣ ಹಿಡಿದರು. ಇನ್ನೊಂದು, ಕುರುಡು ತೂತಿನ ವಿಷಯ. ತಳ ಮುಚ್ಚಿದ ತೂತಿಗೆ ಸ್ಕ್ರೂ ತಿರುಗಿಸಿದರೆ ಅದರಡಿ ಒಂದು ಹನಿ ಗಾಳಿ ಸಿಕ್ಕಿಕೊಳ್ಳುತ್ತದೆ. ಪಂಪು ಓಡುವಾಗ ಅದು ಗಂಟೆಗಟ್ಟಲೆ ಸ್ಕ್ರೂವಿನ ಸುತ್ತೆಳೆಗಳ ಸಂದಿಯಿಂದ ಒಸರುತ್ತಾ, ಎಲ್ಲೂ ಸೋರದಿದ್ದರೂ ಸೋರಿದಂತೆ ಕಾಣಿಸುತ್ತದೆ. ಹೇಳಿದ ಮರುದಿನ ಹೋಗಿ ನೋಡಿದರೆ ಹದಿನಾಲ್ಕು ಸ್ಕ್ರೂಗಳ ಪಕ್ಕಕ್ಕೂ ಅರದಿಂದ ಉದ್ದಕ್ಕೆ ಒಂದೊಂದು ಸಣ್ಣ ಕಾಲುವೆ ತೆಗೆದು, ಸೋಡಾ ನೀರಿನಲ್ಲಿ ತೊಳೆದು, ಹಳೆಯ ಪತ್ರಿಕೆಯ ಮೇಲೆ ಸಾಲಾಗಿ ಒಣಹಾಕಿದ್ದರು.

ಒಂದು ಮಧ್ಯಾಹ್ನ ಮೇಸ್ತ್ರಿ ಗ್ರೈಂಡಿಂಗ್ ಕಲ್ಲಿನ ಪಕ್ಕದ ಡಬ್ಬಿಯಿಂದ ಒಂದು ಕಡ್ಡಿ ತೆಗೆದು ನನ್ನ ಅಂಗೈಯಲ್ಲಿಟ್ಟರು. ತುದಿಯಲ್ಲಿ ಸಾಸಿವೆ ಕಾಳಿನಷ್ಟು ಮಂಕು ಕಲ್ಲು. “ನನ್ನ ಹತ್ತಿರವೂ ವಜ್ರ ಇದೆ ಮೇಡಂ.” ಸವೆದು ಸೊಟ್ಟಗಾದ ಗ್ರೈಂಡಿಂಗ್ ಕಲ್ಲನ್ನು ಸಮಮಾಡುವ ಡ್ರೆಸ್ಸರ್ ಅದು. ಹಾಗಾದರೆ ನನ್ನ ಲೇತ್ ಟೂಲಿನ ಮೇಲೂ ನಿಮ್ಮ ಪದರ ಬೆಳೆಸಿಕೊಡಿ, ಒಮ್ಮೆ ಹರಿತ ಮಾಡಿದರೆ ವರ್ಷವಿಡೀ ಬರಲಿ ಎಂದು ಕೇಳಿದರು. ಕಬ್ಬಿಣವನ್ನು ಕಡೆಯಲು ಆಗುವುದಿಲ್ಲ ಎಂದು ಹೇಳಬೇಕಾಯಿತು. ಕಡೆಯುವ ಕಾವಿನಲ್ಲಿ ವಜ್ರದ ಇಂಗಾಲ ಕಬ್ಬಿಣದೊಳಕ್ಕೆ ಕರಗುತ್ತದೆ, ಅಂಚು ಬೇಗ ಸವೆಯುತ್ತದೆ. ಉಕ್ಕಿನ ಟೂಲಿನ ಮೇಲೆ ನೇರವಾಗಿ ಬೆಳೆಸಲು ಹೊರಟರೂ ಕಬ್ಬಿಣ ಇಂಗಾಲವನ್ನು ಮಸಿ ಮಾಡುತ್ತದೆ. ಕಾರ್ಬೈಡ್ ಟೂಲಿನಲ್ಲಾದರೆ ಮೇಲ್ಮೈಯ ಕೋಬಾಲ್ಟನ್ನು ಆಮ್ಲದಿಂದ ತೆಗೆದು ಪದರ ಬೆಳೆಸುತ್ತಾರೆ. ಅಲ್ಯುಮಿನಿಯಂ, ಗ್ರಾಫೈಟ್ ಕಡೆಯಲು ಅದನ್ನು ಬಳಸುತ್ತಾರೆ. ಮೇಸ್ತ್ರಿ ಬಹಳ ಹೊತ್ತು ಸುಮ್ಮನಿದ್ದು, “ಅಂದರೆ ನೆಂಟಸ್ತಿಕೆ ಹೆಚ್ಚಾದರೂ ಕಷ್ಟ” ಎಂದರು. ಕಬ್ಬಿಣಕ್ಕೂ ಇಂಗಾಲಕ್ಕೂ ಇರುವ ಸಂಬಂಧವನ್ನು ತರಗತಿಯಲ್ಲಿ ನಾನು ಈಗ ಇದೇ ಮಾತಿನಿಂದ ಶುರುಮಾಡುತ್ತೇನೆ.

ಫಲ ಏನಾಯಿತೆಂದು ಹೇಳಿಬಿಡುತ್ತೇನೆ. ನ್ಯಾನೊಟ್ಯೂಬ್ ಬೆಳೆದ ಚೂರುಗಳು ನನಗೆ ಬೆಂಗಳೂರಿನ ಗೆಳತಿಯೊಬ್ಬರ ಪ್ರಯೋಗಾಲಯದಿಂದ ಬರುತ್ತವೆ. ಕಪ್ಪು ಮಖಮಲ್ಲಿನಂತೆ, ಬೆಳಕನ್ನೆಲ್ಲ ನುಂಗಿ ಕೂತಿರುತ್ತವೆ. ಹಾಗೆಯೇ ಒಳಗಿಟ್ಟರೆ ಹೈಡ್ರೋಜನ್ ಪರಮಾಣುಗಳು ಅವನ್ನೂ ಮಸಿಯೆಂದೇ ತಿಳಿದು ತಿಂದುಬಿಡುತ್ತವೆ. ಆದ್ದರಿಂದ ಮೊದಲು ಬಿತ್ತನೆ. ಐದು ನ್ಯಾನೊಮೀಟರ್ ಆಸುಪಾಸಿನ ವಜ್ರದ ಕಣಗಳನ್ನು ಮೆಥನಾಲಿನಲ್ಲಿ ಕದಡಿ ತೊಟ್ಟಿಕ್ಕಬೇಕು. ಮುಚ್ಚಿದ ತೊಟ್ಟಿಯಲ್ಲಿ ಸ್ಫೋಟಕ ಸಿಡಿಸಿ ತಯಾರಿಸುವ ಕಣಗಳು ಇವು. ಮೆಥನಾಲ್ ಆರುತ್ತಾ ಬಂದಂತೆ ಕೊಳವೆಗಳು ಒದ್ದೆ ಕೂದಲಿನ ಹಾಗೆ ಒಂದನ್ನೊಂದು ಎಳೆದುಕೊಂಡು, ತಲೆ ಕೂಡಿಸಿ, ಬುಡ ಅಗಲಿಸಿ ನಿಲ್ಲುತ್ತವೆ. ಕೊಯ್ದ ಎಳ್ಳಿನ ಕಂತೆಗಳನ್ನು ಕಣದಲ್ಲಿ ತಲೆಗೆ ತಲೆ ತಾಗಿಸಿ ನಿಲ್ಲಿಸಿದಂತೆ ಕಾಣುತ್ತದೆ. ಆ ಕಂತೆಗಳ ನಡುವಿನ ಖಾಲಿ ಜಾಗವೇ ಮುಂದೆ ವಜ್ರದ ರಂಧ್ರಗಳಾಗುವುದು. ಹೊತ್ತು ಮೀರಿ ಬೆಳೆಸಿದರೆ ಪದರ ದಪ್ಪವಾಗಿ ರಂಧ್ರಗಳ ಬಾಯಿ ಮುಚ್ಚಿಹೋಗುತ್ತದೆ. ಕಡಿಮೆಯಾದರೆ ಕೊಳವೆ ಬೆತ್ತಲೆ ಉಳಿಯುತ್ತದೆ. ತಂತಿ ಅಲುಗದೆ ನಿಂತರೆ ಮಾತ್ರ ಆ ಹೊತ್ತನ್ನು ಹುಡುಕಲು ಸಾಧ್ಯ.

ಹೊಸ ಕೈಗಳನ್ನು ಕೂರಿಸಿ, ಮೊದಲು ಚೂರಿಲ್ಲದೆ ತಂತಿಗೆ ಮೀಥೇನ್ ಕುಡಿಸಿ, ಆಮೇಲೆ ಅದನ್ನು ಮುಟ್ಟದಂತೆ ಚೂರನ್ನು ಕೆಳಗಿನಿಂದ ತಳ್ಳಿ ಇಟ್ಟು ಒಂದೂವರೆ ಗಂಟೆ ಓಡಿಸಿದೆ. ಗಾಜಿನ ಕಿಂಡಿಯಲ್ಲಿ ಮೂರು ಬಿಳಿ ಗೆರೆಗಳು ಅಡಿಪಟ್ಟಿ ಇಟ್ಟು ಎಳೆದಂತೆ ನಿಂತಿದ್ದವು. ತಣಿದ ಮೇಲೆ ತೆಗೆದರೆ ಮಖಮಲ್ಲಿನ ಕಪ್ಪು ಹೋಗಿ ಬೂದಿಬಣ್ಣ ಬಂದಿತ್ತು, ಅಂಚಿನಿಂದ ಅಂಚಿಗೆ ಒಂದೇ ಸಮ. ವಾರೆ ಮಾಡಿದರೆ ಮಂಜು ಬಿದ್ದ ಹುಲ್ಲಿನಂತೆ ಸಣ್ಣಗೆ ಮಿನುಗಿತು. ಮೈಸೂರಿನಲ್ಲಿ ಪರಿಚಿತರೊಬ್ಬರು ರಾಮನ್ ರೋಹಿತ (ಚೂರಿಗೆ ತಾಗಿ ಚದುರಿದ ಬೆಳಕಿನಲ್ಲಿ ಆಗುವ ಬದಲಾವಣೆಯ ನಕ್ಷೆ) ತೆಗೆದು ಕಳಿಸಿದರು. ಆ ನಕ್ಷೆಯಲ್ಲಿ ಸೆಂಟಿಮೀಟರಿಗೆ 1332 ಅಲೆಗಳ ಜಾಗದಲ್ಲಿ ಗೆರೆ ಎದ್ದಿತ್ತು. ವಜ್ರದ ಸಹಿ ಅದು. 1928ರಲ್ಲಿ ಕಂಡ ಪರಿಣಾಮಕ್ಕೆ ತಮ್ಮ ಹೆಸರು ಕೊಟ್ಟ ಸಿ.ವಿ. ರಾಮನ್ ಅವರೇ ಬೆಂಗಳೂರಿನಲ್ಲಿ ವಜ್ರಗಳನ್ನು ಕೂಡಿಹಾಕಿಕೊಂಡು ವರ್ಷಗಟ್ಟಲೆ ಪರೀಕ್ಷಿಸಿದವರು. ಪಕ್ಕದಲ್ಲಿ 1350, 1580ರ ಸುತ್ತ ಇಂಗಾಲದ ಅಗಲ ಗುಡ್ಡಗಳೂ ಇವೆ. ಒಳಗಿನ ಕೊಳವೆಗಳವು ಸ್ವಲ್ಪ, ಇನ್ನೂ ಹೋಗದ ಮಸಿಯದು ಸ್ವಲ್ಪ. ಕೆಲಸ ಬಾಕಿಯಿದೆ. ಆದರೆ ಬೆಳೆದದ್ದು ವಜ್ರ. ಹಾಸನದಲ್ಲಿ ಬೆಳೆಯಿತು.

ಇನ್ನು ತೊಂದರೆಗಳು. ಹೇಳಿದ ದಿನಕ್ಕೆ ಕೆಲಸ ಸಿಗುವುದಿಲ್ಲ. ಮಂಗಳವಾರ ಎಂದದ್ದು ಮುಂದಿನ ಸೋಮವಾರಕ್ಕೆ ಬಂದದ್ದು ಎರಡು ಸಲ. ಉಳುಮೆಯ ಕಾಲದಲ್ಲಿ ರೈತರ ಟಿಲ್ಲರುಗಳಿಗೇ ಮೊದಲ ಸ್ಥಾನ. ಇದು ಸರಿಯೆಂದೇ ನನ್ನ ಅಭಿಪ್ರಾಯ, ಆದರೆ ಗೊತ್ತಿರಲಿ. ಹಾಸನಾಂಬೆಯ ಬಾಗಿಲು ತೆರೆದಿರುವ ದಿನಗಳಲ್ಲಿ ಊರಿನ ಸಂಚಾರವೇ ಬೇರೆಯಾಗುವುದರಿಂದ ಆಗ ಯಾವ ವಾಯಿದೆಯನ್ನೂ ನಂಬಬೇಡಿ. ಫೋನು ಎತ್ತುವುದಿಲ್ಲ. ಕೈಬರಹದ ಚೀಟಿಯಷ್ಟೇ ಕೊಡುತ್ತಾರೆ. ಕಾಲೇಜಿನ ಲೆಕ್ಕಪತ್ರ ವಿಭಾಗ ಅದನ್ನು ಒಪ್ಪಲಿಲ್ಲ, ನಾನು ಹಣವನ್ನು ಕೈಯಿಂದಲೇ ಹಾಕಿದೆ. ಸರಕಾರಿ ಅನುದಾನದಲ್ಲಿ ಮಾಡಿಸುವವರು ಈ ಮಾತನ್ನು ಮೊದಲೇ ಆಡಿಕೊಳ್ಳಬೇಕು. ಡಬ್ಬಿಯೊಳಗಿನ ಕಂಬಗಳಿಗೆ ನಾನು ಕೊಟ್ಟ ಮಾಲಿಬ್ಡಿನಂ ಎಂಬ ಲೋಹವನ್ನು ಕಡೆಯಲು ಅವರಿಗೆ ಅಭ್ಯಾಸವಿರಲಿಲ್ಲ. ಮೊದಲ ಕಂಬದ ಅಂಚು ಚಕ್ಕೆ ಎದ್ದಿತು. ಆ ತುಂಡಿನ ಬೆಲೆಯನ್ನು ಲೆಕ್ಕದಲ್ಲಿ ತಾವಾಗಿಯೇ ಕಳೆದರು. ಆರ್ಗಾನ್ ವೆಲ್ಡಿಂಗ್ ಚೆನ್ನಾಗಿದೆ, ಆದರೆ ನಿರ್ವಾತದ ಕೆಲಸವಾದರೆ ಬೆಸುಗೆ ಒಳಬದಿಯಿಂದ ಬರಲಿ ಎಂದು ಹೇಳಿ ಪಕ್ಕದಲ್ಲೇ ನಿಲ್ಲಿ.

ಎಲ್ಲ ಸೇರಿ, ಫ್ಲೇಂಜ್, ಮೂರು ಕೈಗಳು, ಕಂಬಗಳು, ಚೂರು ತಳ್ಳುವ ಕೋಲು, ಎರಡು ಸಲದ ತಿದ್ದುಪಡಿ, ನಾನು ಕೊಟ್ಟದ್ದು ಒಂಬತ್ತು ಸಾವಿರದ ಇನ್ನೂರು ರೂಪಾಯಿ. ಸ್ಟೇನ್‌ಲೆಸ್ ಸ್ಟೀಲ್ ಅವರದು, ಟಂಗ್‌ಸ್ಟನ್ ಮತ್ತು ಮಾಲಿಬ್ಡಿನಂ ನನ್ನದು.

ಹೋಗುವವರು ಬೆಳಿಗ್ಗೆ ಹನ್ನೊಂದರೊಳಗೆ ಹೋಗಿ. ಒಂದೂವರೆಯಿಂದ ಮೂರರವರೆಗೆ ಶೆಡ್ಡು ಮುಚ್ಚಿರುತ್ತದೆ. ಅಳತೆಗಳನ್ನು ಮಿಲಿಮೀಟರಿನಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದಿರಿ, ಮೇಸ್ತ್ರಿಯ ಕನ್ನಡಕ ಹಳೆಯದು. ಕೆಟ್ಟುಹೋದ ಭಾಗವಿದ್ದರೆ ತೊಳೆಯದೆ, ಒರೆಸದೆ, ಕೆಟ್ಟ ಸ್ಥಿತಿಯಲ್ಲೇ ಒಯ್ಯಿರಿ. ನಾನು ಬರುವ ವಾರ ಐದು ತಂತಿಗಳ ಹೊಸ ಚೌಕಟ್ಟಿನ ಚಿತ್ರ ಕೊಡಲು ಹೋಗುವವಳಿದ್ದೇನೆ. ಬೂದಿಬಣ್ಣದ ಚೂರನ್ನೂ ತರಬೇಕೆಂದು ಮೇಸ್ತ್ರಿ ಹೇಳಿ ಕಳಿಸಿದ್ದಾರೆ; ಉಗುರಿನಿಂದ ಮುಟ್ಟಿ ನೋಡುವುದಿಲ್ಲ, ಬೆಳಕಿಗೆ ಹಿಡಿದು ನೋಡುತ್ತೇನೆ ಎಂದಿದ್ದಾರೆ.